ಅವನು ಏನು ಹೊದ್ದು ಮಲಗಬೇಕು?

(ಧಾರವಾಡದಲ್ಲಿ ನಮ್ಮ ಸಭೆಯ ಶನಿವಾರ ಸಂಜೆಯ ಬೈಬಲ್ ಅಧ್ಯಯನ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಹೆಚ್ಚು ತಿದ್ದಿಲ್ಲ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಮಾತ್ರ ಸೇರಿಸಿದ್ದೇನೆ.)

ಪ್ರಿಯರೇ, ಎಲ್ಲರಿಗೂ ಸ್ತೋತ್ರ.

ಹಿರಿಯರು ನನಗೆ ಕೊಟ್ಟ ವಿಷಯ ‘ದೇವರ ವಾಕ್ಯ ಮತ್ತು ದಿನನಿತ್ಯದ ಬದುಕು’. ದೊಡ್ಡ ವಿಷಯ. ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೆ ನಾನು ಅದರಲ್ಲಿ ಒಂದೇ ಒಂದು ಎಳೆ ಹಿಡಿದುಕೊಂಡು ಬಂದಿದ್ದೇನೆ. ಬೈಬಲಿನಲ್ಲಿ ಕೆಲವು ಕೆಲಸಗಳಿಗೆ ದೇವರು ಗಡುವು ಹಾಕಿದ್ದಾರೆ. ವರ್ಷದ ಗಡುವಲ್ಲ, ತಿಂಗಳದ್ದೂ ಅಲ್ಲ. ಹೊತ್ತು ಮುಳುಗುವ ಮುಂಚೆ ಮಾಡಿ ಮುಗಿಸು ಅನ್ನುವ ಗಡುವು. ಆ ಕೆಲಸಗಳು ಯಾವುವು, ಅವಕ್ಕೇ ಯಾಕೆ ಅಷ್ಟು ಅವಸರ ಅಂತ ನೋಡೋಣ.

ಮೊದಲು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆರೆಯಿರಿ. 14 ಮತ್ತು 15ನೇ ವಚನ. ಬಡವನಾದ ಕೂಲಿಯವನನ್ನು ಹಿಂಸಿಸಬೇಡ, ಅವನು ನಿನ್ನ ಕಡೆಯವನಾದರೂ ಸರಿ, ನಿನ್ನ ಊರಲ್ಲಿ ಬಂದು ಇಳಿದುಕೊಂಡ ಪರದೇಶಿಯಾದರೂ ಸರಿ. ಆಯಾ ದಿನದ ಕೂಲಿ ಆಯಾ ದಿನವೇ ಕೊಡು, ಸೂರ್ಯ ಮುಳುಗುವ ಮುಂಚೆ ಕೊಡು. ಯಾಕೆ ಅಂದರೆ ಅವನು ಬಡವ, ಅದರ ಮೇಲೇ ಅವನ ಜೀವ ಇದೆ. ಇದು ಅದರ ಸಾರ. ಮೂಲ ಇಬ್ರಿಯ ಭಾಷೆಯಲ್ಲಿ ಅಲ್ಲಿರುವ ಪದ ‘ನೆಫೆಷ್’. ಪ್ರಾಣ, ಜೀವ ಅಂತ ಅರ್ಥ. ಆ ಕೂಲಿಯ ಕಡೆಗೆ ಅವನು ತನ್ನ ಜೀವವನ್ನೇ ಎತ್ತಿಕೊಂಡಿದ್ದಾನೆ ಅನ್ನುವ ಹಾಗೆ ಮಾತು ಬರುತ್ತದೆ. ನಾವೂ ಹಾಗೇ ಹೇಳುತ್ತೇವೆ ಅಲ್ವಾ? ‘ಅದರ ಮೇಲೇ ಜೀವ ಇಟ್ಟುಕೊಂಡು ಕೂತಿದ್ದಾನೆ’ ಅಂತ. ನಮ್ಮ ಕೈಯಲ್ಲಿ ಇರುವುದು ಬರೀ ನೋಟು ಅಂದುಕೊಂಡಿರುತ್ತೇವೆ. ಅವನ ಕಡೆಯಿಂದ ನೋಡಿದರೆ ಅವನ ಜೀವ ನಮ್ಮ ಜೇಬಿನಲ್ಲಿದೆ.

ಈಗ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಹೋಗಿ. 10ರಿಂದ 13. ನೆರೆಯವನಿಗೆ ಸಾಲ ಕೊಟ್ಟಿದ್ದೀಯ, ಅಡವು ಇಸಿದುಕೊಳ್ಳಬೇಕು. ಆಗ ಅವನ ಮನೆಯೊಳಗೆ ನುಗ್ಗಬೇಡ. ಹೊರಗೆ ನಿಂತುಕೋ. ಅವನೇ ಒಳಗಿಂದ ತಂದುಕೊಡಲಿ. ಇದನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯ. ಸಾಲಗಾರನ ಹೊಸ್ತಿಲಿಗೂ ದೇವರು ಮರ್ಯಾದೆ ಕೊಡುತ್ತಾರೆ. ಹೆಂಡತಿ ಮಕ್ಕಳ ಮುಂದೆ ಒಬ್ಬನ ಪಾತ್ರೆ, ಪೆಟ್ಟಿಗೆ ತಡಕಾಡುವ ಹಕ್ಕು ಸಾಲ ಕೊಟ್ಟವನಿಗಿಲ್ಲ. ಆಮೇಲೆ, ಅವನು ಬಡವನಾಗಿದ್ದು ಅಡವಿಗೆ ತನ್ನ ಹೊದಿಕೆಯನ್ನೇ ತಂದುಕೊಟ್ಟರೆ, ಅದನ್ನು ಇಟ್ಟುಕೊಂಡು ಮಲಗಬೇಡ. ಹೊತ್ತು ಮುಳುಗುವಾಗ ವಾಪಸ್ ಕೊಡು. ಅವನು ಹೊದ್ದುಕೊಂಡು ಮಲಗಿ ನಿನ್ನನ್ನು ಹರಸಲಿ.

ಇದೇ ಮಾತು ವಿಮೋಚನಕಾಂಡ 22ರಲ್ಲಿ, 26 ಮತ್ತು 27ನೇ ವಚನದಲ್ಲಿ ಇನ್ನೂ ಮೊದಲೇ ಬಂದಿದೆ. ಅಲ್ಲಿ ದೇವರು ಒಂದು ಪ್ರಶ್ನೆ ಕೇಳುತ್ತಾರೆ. ಅವನಿಗೆ ಇರುವುದು ಅದೊಂದೇ ಹೊದಿಕೆ; ಅವನು ಇನ್ನೇನು ಹೊದ್ದು ಮಲಗಬೇಕು?

ಇವತ್ತಿನ ಮಾತಿಗೆಲ್ಲ ಈ ಪ್ರಶ್ನೆಯೇ ಮೂಲ. ಆಕಾಶ ಭೂಮಿ ಉಂಟುಮಾಡಿದ ದೇವರು, ಸೀನಾಯಿ ಬೆಟ್ಟದಲ್ಲಿ ಗುಡುಗು ಮಿಂಚಿನ ನಡುವೆ ಇಳಿದ ದೇವರು, ಒಬ್ಬ ಬಡವ ರಾತ್ರಿ ಏನು ಹೊದ್ದುಕೊಳ್ಳುತ್ತಾನೆ ಅಂತ ಯೋಚನೆ ಮಾಡುತ್ತಿದ್ದಾರೆ.

ನಮ್ಮ ಕಡೆಯ ಕಂಬಳಿ ನೆನಪು ಮಾಡಿಕೊಳ್ಳಿ. ಕುರಿ ಕಾಯುವವರ ಹೆಗಲ ಮೇಲಿನ ಕರೀ ಕಂಬಳಿ. ಮಳೆ ಬಂದರೆ ಕೊಪ್ಪೆ. ಬಿಸಿಲಾದರೆ ನೆರಳು. ಸಂಜೆ ಅದರಲ್ಲೇ ಏನೋ ಕಟ್ಟಿಕೊಂಡು ಬರುತ್ತಾರೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಆ ಕಾಲದ ಇಸ್ರಾಯೇಲಿನ ಬಡವನ ಮೇಲುಹೊದಿಕೆಯೂ ಹೀಗೇ ಹತ್ತು ಕೆಲಸಕ್ಕೆ ಬರುವ ಒಂದೇ ಬಟ್ಟೆ. ಹಗಲು ಅದು ನಿನ್ನ ಹತ್ತಿರ ಅಡವಿರಲಿ, ಪರವಾಗಿಲ್ಲ. ರಾತ್ರಿ ಮಾತ್ರ ಅದು ಅವನದು.

‘ಇದೆಲ್ಲ ಸುಮ್ನೆ ಬರೆದಿಟ್ಟ ಕಾನೂನು, ಯಾರು ಇದನ್ನು ನಿಜವಾಗಿ ಕೇಳುತ್ತಿದ್ದರು’ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಒಂದು ಮಡಕೆ ಚೂರಿನ ಕಥೆ ಹೇಳುತ್ತೇನೆ. ಕಥೆ ಅಂದೆ, ಆದರೆ ನಡೆದ ಸಂಗತಿ.

1960ರಲ್ಲಿ ಇಸ್ರೇಲಿನ ಸಮುದ್ರ ತೀರದಲ್ಲಿ, ಟೆಲ್ ಅವೀವಿಗೆ ದಕ್ಷಿಣಕ್ಕೆ, ಮೆಸಾದ್ ಹಷವ್ಯಾಹು ಅಂತ ಈಗ ಕರೆಯುವ ಒಂದು ಹಳೇ ಕೋಟೆಯನ್ನು ಅಗೆಯುತ್ತಿದ್ದರು. ಅಲ್ಲಿ ಮಸಿಯಲ್ಲಿ ಬರೆದ ಮಡಕೆ ಚೂರು ಸಿಕ್ಕಿತು. ಬರಹ ಇಬ್ರಿಯ ಭಾಷೆಯದು. ಕಾಲ ಕ್ರಿಸ್ತಪೂರ್ವ 7ನೇ ಶತಮಾನದ ಕೊನೆಯ ಭಾಗ. ಯೆರೂಸಲೇಮಿನಲ್ಲಿ ಯೋಷೀಯ ಅರಸ ಆಳುತ್ತಿದ್ದ ಕಾಲ ಅದು ಅಂತ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಆ ಕಾಲಕ್ಕೆ ಪೇಪರ್ ಎಲ್ಲಿಂದ ಬರಬೇಕು? ಒಡೆದ ಮಡಕೆಯ ಚೂರೇ ಬಡವರ ಅರ್ಜಿ ಕಾಗದ.

ಅರ್ಜಿ ಕೊಟ್ಟವನು ಒಬ್ಬ ಕೊಯ್ಲಿನ ಆಳು. ಅವನ ಹೆಸರು ನಮಗೆ ಸಿಕ್ಕಿಲ್ಲ. ತನ್ನನ್ನು ‘ನಿಮ್ಮ ಸೇವಕ’ ಅಂತಲೇ ಕರೆದುಕೊಳ್ಳುತ್ತಾನೆ. ಕೋಟೆಯ ಅಧಿಕಾರಿಗೆ ಹೇಳಿಕೊಳ್ಳುತ್ತಾನೆ: ದಣಿಗಳು ನನ್ನ ಮಾತು ಕೇಳಬೇಕು. ನಾನು ಕೊಯ್ಲು ಮಾಡಿದೆ, ಎಂದಿನಂತೆ ಅಳತೆ ಮಾಡಿ ಕಣಜಕ್ಕೆ ಹಾಕಿದೆ. ಮೇಲ್ವಿಚಾರಕ ಬಂದು ನನ್ನ ಹೊದಿಕೆ ಕಿತ್ತುಕೊಂಡು ಹೋದ. ನನ್ನ ಜೊತೆ ಬಿಸಿಲಲ್ಲಿ ಕೊಯ್ದ ಅಣ್ಣತಮ್ಮಂದಿರು ನನ್ನ ಪರ ಸಾಕ್ಷಿ ಹೇಳುತ್ತಾರೆ. ನನ್ನ ತಪ್ಪಿಲ್ಲ. ನನ್ನ ಬಟ್ಟೆ ನನಗೆ ಕೊಡಿಸಿ. ಕೊನೆಯ ಸಾಲುಗಳು ಒಡೆದುಹೋಗಿವೆ.

ಬಟ್ಟೆ ಸಿಕ್ಕಿತೋ ಇಲ್ಲವೋ, ಆ ಚೂರು ಹೇಳುವುದಿಲ್ಲ. ಆದರೆ ನೋಡಿ, ಅವನು ಕೂಡಿಟ್ಟ ಹಣ ಕೇಳಲಿಲ್ಲ, ಹೊಲ ಕೇಳಲಿಲ್ಲ. ಒಂದೇ ಒಂದು ಬಟ್ಟೆಗಾಗಿ ಒಬ್ಬ ಕೂಲಿಯಾಳು ಬರೆಯುವವನನ್ನು ಹುಡುಕಿಕೊಂಡು ಅರ್ಜಿ ಬರೆಸಿದ್ದಾನೆ. ಆ ಬಟ್ಟೆ ಅವನಿಗೆ ಏನಾಗಿತ್ತು ಅಂತ ಇದಕ್ಕಿಂತ ಜಾಸ್ತಿ ಯಾರು ಹೇಳಬಲ್ಲರು? ಬಿಸಿಲಲ್ಲಿ ಜೊತೆಗಿದ್ದ ಅಣ್ಣತಮ್ಮಂದಿರು ಅನ್ನುವ ಮಾತು ಓದಿ ನನ್ನ ಕಣ್ಣು ತುಂಬಿತು. ಅವನಿಗಿದ್ದ ಆಸ್ತಿ ಅವರೇ.

ಆ ಕಾಲದ ಪ್ರವಾದಿ ಯಾರು? ಯೆರೆಮೀಯ. ಅವನ ಪುಸ್ತಕದ 22ನೇ ಅಧ್ಯಾಯ 13ನೇ ವಚನದಿಂದ ಓದಿ. ಯೋಷೀಯನ ಮಗ ಯೆಹೋಯಾಕೀಮ ಅರಮನೆ ಕಟ್ಟಿಸುತ್ತಿದ್ದಾನೆ. ವಿಶಾಲವಾದ ಮಹಡಿ, ದೊಡ್ಡ ದೊಡ್ಡ ಕಿಟಕಿ, ದೇವದಾರು ಮರದ ಹಲಗೆ, ಮೇಲೆ ಕೆಂಪು ಬಣ್ಣ. ಎಲ್ಲ ಇದೆ. ಕೆಲಸ ಮಾಡಿದವರಿಗೆ ಕೂಲಿ ಮಾತ್ರ ಇಲ್ಲ. ಯೆರೆಮೀಯ ಅವನಿಗೆ ಹೇಳುತ್ತಾನೆ: ನಿನ್ನ ತಂದೆ ಉಂಡ, ಕುಡಿದ, ಆದರೆ ಬಡವರ ವ್ಯಾಜ್ಯವನ್ನು ನ್ಯಾಯವಾಗಿ ತೀರಿಸಿದ. ನನ್ನನ್ನು ಅರಿಯುವುದು ಅಂದರೆ ಇದೇ ಅಲ್ಲವೇ ಅಂತ ಯೆಹೋವ ಕೇಳುತ್ತಾನೆ.

‘ದೇವರನ್ನು ಅರಿಯುವುದು’. ನಾವು ಈ ಮಾತನ್ನು ಎಷ್ಟು ಸಲ ಪ್ರಾರ್ಥನೆಯಲ್ಲಿ ಹೇಳುತ್ತೇವೆ! ನಿನ್ನನ್ನು ಇನ್ನೂ ಹೆಚ್ಚಾಗಿ ಅರಿಯುವಂತೆ ಮಾಡು ಕರ್ತನೇ ಅಂತ ಕಣ್ಣು ಮುಚ್ಚಿ ಕೇಳುತ್ತೇವೆ. ಯೆರೆಮೀಯನ ಪ್ರಕಾರ ಅದಕ್ಕೆ ಉತ್ತರ ಕೂಲಿಯ ಲೆಕ್ಕದ ಪುಸ್ತಕದಲ್ಲೂ ಇದೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಹೇಳದೆ ಈ ವಾಕ್ಯದ ಮೇಲೆ ಮಾತಾಡುವ ಹಕ್ಕು ನನಗಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ಮನೆಯ ಮೇಲೆ ಒಂದು ಕೋಣೆ ಕಟ್ಟಿಸುತ್ತಿದ್ದೆ. ಮೇಸ್ತ್ರಿ, ಇಬ್ಬರು ಗೌಂಡಿಗಳು, ಸಿಮೆಂಟು ಕಲಸಿ ಬುಟ್ಟಿ ಹೊರಲು ಒಬ್ಬ ಹೆಣ್ಣುಮಗಳು. ಶನಿವಾರ ಬಟವಾಡೆ. ಆ ಶನಿವಾರ ಗಂಡಸರ ಲೆಕ್ಕ ಮುಗಿಸಿದೆ. ಆಕೆಯದು ಆರು ದಿನದ ಕೂಲಿ 1,500 ರೂಪಾಯಿ, ನಡುವೆ 150 ಇಸಿದುಕೊಂಡಿದ್ದಳು, 1,350 ಉಳಿದಿತ್ತು. ನನ್ನ ಹತ್ತಿರ ಇದ್ದದ್ದು ಐನೂರರ ನೋಟು.

ಆಕೆ ಗೇಟಿನ ಹತ್ತಿರ ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು. ಬಕೆಟ್ಟಿನಲ್ಲಿ ಕೈಕಾಲು ತೊಳೆದುಕೊಂಡಿದ್ದರೂ ಬೆರಳ ಸಂದಿಯಲ್ಲಿ ಸಿಮೆಂಟು ಬೆಳ್ಳಗೆ ಒಣಗಿತ್ತು. ಬುತ್ತಿ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

‘ಸರ, ನಂದೊಂದು ಕೊಟ್ಟುಬಿಡ್ರಿ. ನಾಳೆ ಸಂತಿ ಐತ್ರಿ’ ಅಂದಳು.

‘ಚಿಲ್ಲರ ಇಲ್ಲವ್ವಾ. ಸೋಮವಾರ ಕೊಡ್ತೀನಿ’ ಅಂದೆ.

‘ಆತ್ರಿ ಸರ’ ಅಂದಳು. ಅಷ್ಟೇ. ಜಗಳ ಇಲ್ಲ, ಮುಖ ಗಂಟಿಕ್ಕಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಎದುರಿಗೇ ಕಿರಾಣಿ ಅಂಗಡಿ ಇತ್ತು. ಎರಡು ನಿಮಿಷದ ದಾರಿ. ನೋಟು ಮುರಿಸಿ ತರಬಹುದಿತ್ತು. ನನಗೆ ಹೊಳೆಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಹೊಳೆಯಿತು. ಎದ್ದು ಹೋಗಲು ಬೇಜಾರಾಯಿತು.

ಅವತ್ತು ರಾತ್ರಿ ಊಟ ಮುಗಿಸಿ ಮರುದಿನದ ಸಂಡೇ ಸ್ಕೂಲ್ ಪಾಠಕ್ಕೆ ತಯಾರಿ ಮಾಡುತ್ತಿದ್ದೆ. ಪಾಠ ಯಾವುದು ಗೊತ್ತಾ? ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು.’ ಕರ್ತನಾದ ಯೇಸು ಹೇಳಿದ ಈ ಮಾತು ಮೊದಲು ಎಲ್ಲಿ ಬಂದಿದೆ ಅಂತ ಮಕ್ಕಳಿಗೆ ತೋರಿಸೋಣ ಅಂತ ಯಾಜಕಕಾಂಡ 19 ತೆರೆದೆ. 18ನೇ ವಚನ. ಕಣ್ಣು ಅದೇ ಪುಟದಲ್ಲಿ ಸ್ವಲ್ಪ ಮೇಲೆ ಜಾರಿತು. 13ನೇ ವಚನ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು.

ಐದೇ ಐದು ವಚನದ ಅಂತರ. ನಾವು ಗೋಡೆಗೆ ಹಾಕಿಕೊಂಡಿರುವ, ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವ ಆ ಚಿನ್ನದಂಥ ವಾಕ್ಯದ ಮಗ್ಗುಲಲ್ಲೇ ಇದು ಕೂತಿತ್ತು. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುವ ಕಲ್ಲು ಇಡಬೇಡ, ಚಾಡಿ ಹೇಳುತ್ತ ತಿರುಗಬೇಡ, ಇವೆಲ್ಲ ಅದರ ಸುತ್ತಲೇ ಇವೆ. ನೆರೆಯವನನ್ನು ಪ್ರೀತಿಸು ಅನ್ನುವುದು ಆಕಾಶದಿಂದ ಒಂಟಿಯಾಗಿ ಉದುರಿದ ಮಾತಲ್ಲ. ಇವನ್ನೆಲ್ಲ ಹೇಳಿದ ಮೇಲೆ ಬಂದ ಮಾತು. ನಾನು ಎಷ್ಟೋ ವರ್ಷದಿಂದ 18ನ್ನು ಬಾಯಿಪಾಠ ಮಾಡಿಸಿದ್ದೆ. 13ನ್ನು ಒಂದು ಸಲವೂ ಓದಿಸಿರಲಿಲ್ಲ.

ಮರುದಿನದ ಕಾಣಿಕೆಗೆ ಅಂತ ಲಕೋಟೆಯಲ್ಲಿ ಐನೂರರ ಒಂದು ನೋಟು ಹಾಕಿಟ್ಟಿದ್ದೆ. ಅದು ಬೈಬಲಿನ ಪಕ್ಕದಲ್ಲೇ ಇತ್ತು.

ಮೇಸ್ತ್ರಿಗೆ ಫೋನ್ ಮಾಡಿದೆ. ಆಕೆಯ ಮನೆ ಎಲ್ಲಿ ಅಂತ ಕೇಳಿದೆ. ಆಗ ರಾತ್ರಿ ಒಂಬತ್ತೂವರೆ. ‘ಈಗ ಯಾಕ್ರಿ ಸರ, ಸೋಮವಾರ ನೋಡೋಣು ಬಿಡ್ರಿ’ ಅಂದರು. ನನಗೂ ಅದೇ ಬೇಕಿತ್ತು ಅಂತ ಕಾಣುತ್ತದೆ. ಮಲಗಿಬಿಟ್ಟೆ. ಸೋಮವಾರ ಬೆಳಗ್ಗೆ ಆಕೆ ಬಂದ ಕೂಡಲೇ ಎಣಿಸಿ ಕೊಟ್ಟೆ. ‘ಸಂತೆ ಆಯಿತಾ?’ ಅಂತ ಕೇಳಿದೆ. ‘ಇಲ್ರಿ. ಮಗ್ಗಲ ಮನಿಯಾಗ ಕಡ ತಗೊಂಡ್ನಿ’ ಅಂದಳು. ತಪ್ಪಾಯಿತು ಅಂತ ಹೇಳಿದೆ. ಆಕೆಗೆ ಅದು ಯಾಕೆ ಅಂತಲೂ ತಿಳಿಯಲಿಲ್ಲ. ಕೂಲಿ ತಡವಾಗುವುದು ಆಕೆಗೆ ಅಷ್ಟು ರೂಢಿಯಾಗಿತ್ತು.

ಯಾಕೋಬ ತನ್ನ ಪತ್ರಿಕೆಯ 5ನೇ ಅಧ್ಯಾಯ 4ನೇ ವಚನದಲ್ಲಿ ಹೇಳುವುದೇನು? ನಿಮ್ಮ ಹೊಲ ಕೊಯ್ದವರ ಕೂಲಿಯನ್ನು ನೀವು ಹಿಡಿದುಕೊಂಡಿದ್ದೀರಲ್ಲ, ಆ ಕೂಲಿ ಕೂಗುತ್ತದೆ. ಕೂಲಿಯಾಳು ಕೂಗುವುದು ಆಮೇಲೆ, ಮೊದಲು ಕೂಲಿಯೇ ಕೂಗುತ್ತದೆ. ಆ ಹೆಣ್ಣುಮಗಳು ಜಗಳ ಮಾಡಲಿಲ್ಲ ಅಂದೆನಲ್ಲ, ಮಾಡಬೇಕಾಗಿರಲಿಲ್ಲ. ನನ್ನ ಜೇಬಿನಲ್ಲಿದ್ದ ನೋಟೇ ಆ ರಾತ್ರಿಯೆಲ್ಲ ಕೂಗುತ್ತಿತ್ತು. ಸೇನಾಧೀಶ್ವರನಾದ ಕರ್ತನ ಕಿವಿಗೆ ಅದು ಬಿದ್ದಿತ್ತು.

ಈ ವಾಕ್ಯ ನಮ್ಮ ಭಾಷೆಗೆ ಬಂದು ಎಷ್ಟು ಕಾಲವಾಯಿತು ನೋಡಿ. ಬಳ್ಳಾರಿಯಲ್ಲಿ ಸೇವೆ ಮಾಡುತ್ತಿದ್ದ ಜಾನ್ ಹ್ಯಾಂಡ್ಸ್ ಅವರ ಪ್ರಯತ್ನದಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ. ಇನ್ನೂರು ವರ್ಷ ಆಗುತ್ತಾ ಬಂತು. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕೈಗೂ ಇದು ಸಿಕ್ಕಿತ್ತು. ದೇಶದ ಕಾನೂನು ಈ ವಿಷಯಕ್ಕೆ ಬಂದದ್ದು ತಡವಾಗಿ. 1936ರ ವೇತನ ಪಾವತಿ ಕಾಯ್ದೆ, ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ, ಅವಧಿ ಮುಗಿದ ಏಳು ದಿನದೊಳಗೆ ಸಂಬಳ ಕೊಡಬೇಕು ಅಂದಿತು. ಒಳ್ಳೆಯ ಕಾನೂನೇ ಆಗಿತ್ತು. ಆದರೆ ನಮ್ಮ ಮನೆಯ ಪಾತ್ರೆ ತೊಳೆಯುವವರು, ತೋಟದ ಹುಲ್ಲು ಕೀಳುವವರು, ನಲ್ಲಿ ರಿಪೇರಿಗೆ ಬಂದವರು, ಇವರ ಲೆಕ್ಕ ಯಾವ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ? ಅದು ದೇವರಿಗೂ ನಮಗೂ ಬಿಟ್ಟದ್ದು.

ಈಗಂತೂ ಚಿಲ್ಲರೆ ಇಲ್ಲ ಅನ್ನುವ ಮಾತು ನಡೆಯುವುದಿಲ್ಲ. ಫೋನಿನಲ್ಲಿ ಅರ್ಧ ನಿಮಿಷದಲ್ಲಿ ದುಡ್ಡು ಹೋಗುತ್ತದೆ. ಆದರೂ ‘ನಾಳೆ ಹಾಕ್ತೀನಿ’ ಅನ್ನುವುದು ನಿಂತಿಲ್ಲ. ನಮ್ಮಲ್ಲಿ ಇನ್ನೊಂದು ರೂಢಿಯೂ ಇದೆ. ದೀಪ ಹಚ್ಚಿದ ಮೇಲೆ ಮನೆಯಿಂದ ದುಡ್ಡು ಹೊರಗೆ ಕೊಡಬಾರದು ಅಂತ. ಊರಲ್ಲಿ ಎಲ್ಲರೂ ನಡೆಸುವ ರೂಢಿ, ನಮ್ಮ ಮನೆಗಳಲ್ಲೂ ಸೇರಿಕೊಂಡಿದೆ. ನಮ್ಮವ್ವ ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಸುಗ್ಗಿಯಲ್ಲಿ ಆಳುಗಳು ಹೊಲದಿಂದ ಬಂದರೆ, ಜೋಳ ಅಳೆದು ಎಲ್ಲರ ಉಡಿಗೆ ಹಾಕಿದ ಮೇಲೆಯೇ ಲಾಟೀನು ಹಚ್ಚುತ್ತಿದ್ದರು. ಕತ್ತಲಾಗಿ ಸೇರು ಕಾಣದಿದ್ದರೂ ಸರಿ, ಕೈಯಲ್ಲಿ ತಡವಿ ಅಳೆಯುತ್ತಿದ್ದರು. ಅಳತೆ ತಪ್ಪಿದರೆ ಆಳಿನ ಕಡೆಗೆ ತಪ್ಪಲಿ ಅನ್ನುತ್ತಿದ್ದರು. ಧರ್ಮೋಪದೇಶಕಾಂಡ 24ರ ಬಗ್ಗೆ ಅವ್ವ ಒಂದು ಮಾತೂ ಹೇಳಿದ್ದು ನನಗೆ ನೆನಪಿಲ್ಲ. ಮಾಡಿದ್ದು ನೆನಪಿದೆ.

ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯ, ಯೇಸು ಹೇಳಿದ ಆ ಕಥೆ, ನಿಮಗೆಲ್ಲ ಗೊತ್ತು. ಬೆಳಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ. ನಾವು ಯಾವಾಗಲೂ ದೇವರ ಕೃಪೆಯ ಬಗ್ಗೆ ಅಂತ ಬೋಧಿಸುತ್ತೇವೆ, ಅದು ಸರಿಯೇ. ಆದರೆ 8ನೇ ವಚನದ ಮೊದಲ ಮಾತು ನೋಡಿ. ಸಂಜೆಯಾದಾಗ ತೋಟದ ಯಜಮಾನ ಪಾರುಪತ್ಯಗಾರನಿಗೆ ಹೇಳಿದ, ಆಳುಗಳನ್ನು ಕರೆದು ಕೂಲಿ ಕೊಡು. ಕರ್ತನು ಹೇಳಿದ ಕಥೆಯ ಆ ಯಜಮಾನ ಕೃಪೆ ತೋರಿಸುವ ಮೊದಲು, ಹೊತ್ತು ಮುಳುಗುವ ಮುಂಚೆ ಕೂಲಿ ಕೊಡು ಅನ್ನುವ ಮೋಶೆಯ ನಿಯಮ ಪಾಲಿಸುತ್ತಾನೆ. ಕೊಡುವುದರಲ್ಲಿ ಧಾರಾಳ, ಹೊತ್ತಿನಲ್ಲೂ ತಪ್ಪಿಲ್ಲ. ಅಷ್ಟೇ ಅಲ್ಲ, ಕಡೆಗೆ ಬಂದವರಿಂದ ಶುರುಮಾಡು ಅನ್ನುತ್ತಾನೆ. ದಿನವಿಡೀ ಸಂತೆಬೀದಿಯಲ್ಲಿ ನಿಂತು ಯಾರೂ ಕರೆಯದೆ ಹೆದರಿದ್ದವರು ಅವರು. ಬೆಳಗ್ಗೆಯಿಂದ ದುಡಿದವರಿಗೆ ಕೂಲಿ ಖಾತ್ರಿ ಇತ್ತು. ಇವರಿಗೆ ಇವತ್ತು ರಾತ್ರಿ ಮನೆಗೆ ಏನು ಒಯ್ಯುವುದು ಅನ್ನುವ ಚಿಂತೆ ಇತ್ತು.

ಇಲ್ಲಿಗೆ ಒಂದು ಮಾತು ನಮ್ಮ ಸಭೆಗಳಿಗೂ ಹೇಳಲೇಬೇಕು. ಚರ್ಚಿನ ಗಂಟೆ ಹೊಡೆಯುವವರು, ಕಸ ಗುಡಿಸುವವರು, ಕ್ರೈಸ್ತರು ನಡೆಸುವ ಸಣ್ಣ ಶಾಲೆಗಳ ಟೀಚರುಗಳು, ಇವರ ಸಂಬಳ ಎರಡು ಮೂರು ತಿಂಗಳು ನಿಂತಾಗ ‘ಇದು ಸೇವೆ ಅಲ್ವಾ, ಸ್ವಲ್ಪ ತಾಳಿಕೊಳ್ಳಿ’ ಅಂತ ಹೇಳುವುದನ್ನು ನಾನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ಸೇವೆ ಅನ್ನುವ ಪವಿತ್ರ ಪದವನ್ನು ಬಾಕಿ ಮುಚ್ಚಲು ಬಳಸಬಾರದು. ಪ್ರವಾದಿ ಆಮೋಸನು ತನ್ನ ಪುಸ್ತಕದ 2ನೇ ಅಧ್ಯಾಯ 8ನೇ ವಚನದಲ್ಲಿ ಗದರಿಸಿದ್ದು ಯಾರನ್ನು? ಬಡವರಿಂದ ಅಡವು ಇಸಿದುಕೊಂಡ ಬಟ್ಟೆಗಳನ್ನು ಯಜ್ಞವೇದಿಯ ಪಕ್ಕದಲ್ಲೇ ಹಾಸಿಕೊಂಡು ಒರಗಿದವರನ್ನು. ಅವರು ದೇವಾಲಯಕ್ಕೆ ಬಾರದವರಲ್ಲ. ತಪ್ಪದೆ ಬರುತ್ತಿದ್ದವರು. ರಾತ್ರಿ ಬೇರೆಯವನ ಮೈಮೇಲೆ ಇರಬೇಕಾದ ಬಟ್ಟೆ ಇವರ ಕೆಳಗಿತ್ತು.

ಪರದೇಶಿ ಅನ್ನುವ ಪದವನ್ನೂ ಬಿಡಬೇಡಿ. ನಮ್ಮ ಊರುಗಳಲ್ಲಿ ಈಗ ಬಿಹಾರ, ಒಡಿಶಾದಿಂದ ಬಂದ ಹುಡುಗರು ಕಟ್ಟಡಗಳಲ್ಲಿ, ಹೋಟೆಲ್ಲುಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಕನ್ನಡ ಬಾರದು. ಜಗಳ ಮಾಡಲು ಮಾತಿಲ್ಲ, ಪರವಾಗಿ ಬರಲು ನೆಂಟರಿಲ್ಲ. ಮೋಸ ಮಾಡುವುದು ಸುಲಭ. ವಾಕ್ಯ ಅವರನ್ನು ಹೆಸರಿಸಿಯೇ ಹೇಳಿದೆ.

ಸರಿ, ದುಡ್ಡಿನ ಮಾತು ಸಾಕು. ಇನ್ನೊಂದು ಬಾಕಿ ಇದೆ, ಅದಕ್ಕೂ ಅದೇ ಗಡುವು. ಎಫೆಸದವರಿಗೆ ಬರೆದ ಪತ್ರಿಕೆ 4ನೇ ಅಧ್ಯಾಯ 26ನೇ ವಚನ. ಕೋಪ ಮಾಡಿದರೂ ಪಾಪ ಮಾಡಬೇಡಿರಿ. ಸೂರ್ಯ ಮುಳುಗುವ ಮುಂಚೆ ನಿಮ್ಮ ಕೋಪ ತೀರಲಿ.

ಆ ಪತ್ರಿಕೆ ಬರೆದ ಪೌಲನಿಗೆ ಮೋಶೆಯ ಪುಸ್ತಕ ಬಾಯಲ್ಲೇ ಇತ್ತು. ಕೂಲಿ, ಹೊದಿಕೆ, ಹೊತ್ತು ಮುಳುಗುವುದು ಇವೆಲ್ಲ ಅವನ ಮನಸ್ಸಿನಲ್ಲಿ ಇದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಕೋಪವನ್ನೂ ಇನ್ನೊಬ್ಬನಿಂದ ಇಸಿದುಕೊಂಡ ಅಡವಿನ ಹಾಗೆ ನೋಡಿ. ಅವನ ನೆಮ್ಮದಿಯನ್ನು ನೀನು ಹಿಡಿದಿಟ್ಟುಕೊಂಡಿದ್ದೀಯ. ರಾತ್ರಿಯಾಗುವ ಮುಂಚೆ ಕೊಟ್ಟುಬಿಡು. ಈ ಆಚಾರ ಗ್ರೀಕರಲ್ಲೂ ಇತ್ತು. ಪೈಥಾಗೊರಸನ ಹಿಂಬಾಲಕರು ಒಬ್ಬರನ್ನೊಬ್ಬರು ಬೈದುಕೊಂಡರೆ, ಹೊತ್ತು ಮುಳುಗುವ ಮುಂಚೆ ಕೈ ಹಿಡಿದು ಅಪ್ಪಿಕೊಂಡು ರಾಜಿಯಾಗುತ್ತಿದ್ದರು ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ.

ವಚನದ ಮೊದಲ ಭಾಗ ಪೌಲ ಎತ್ತಿಕೊಂಡದ್ದು 4ನೇ ಕೀರ್ತನೆಯಿಂದ. ಅದು ರಾತ್ರಿಯ ಕೀರ್ತನೆ. ಹಾಸಿಗೆಯ ಮೇಲೆ ಮನಸ್ಸಿನಲ್ಲೇ ಮಾತಾಡಿಕೊಂಡು ಮೌನವಾಗಿರಿ ಅನ್ನುತ್ತದೆ. ಕೊನೆಯ ವಚನ, ನಾನು ಸಮಾಧಾನದಿಂದ ಮಲಗಿಕೊಂಡು ನಿದ್ದೆಹೋಗುವೆನು. ಅಲ್ಲಿ ಹೊದಿಕೆ ಸಿಕ್ಕ ಬಡವನ ನಿದ್ದೆ, ಇಲ್ಲಿ ಕೋಪ ಬಿಟ್ಟವನ ನಿದ್ದೆ. ನಮ್ಮ ನಿದ್ದೆ ಮಾತ್ರ ಅಲ್ಲ, ನಮ್ಮ ಮಾತು ಕೇಳಿಸಿಕೊಂಡವನ ನಿದ್ದೆಯೂ ಲೆಕ್ಕದಲ್ಲಿದೆ. ಸೊಸೆಗೆ ಊಟದ ಹೊತ್ತಿಗೆ ಒಂದು ಮಾತು ಅಂದು, ನೀವು ಅದನ್ನು ಮರೆತು ಗೊರಕೆ ಹೊಡೆಯುತ್ತಿರುತ್ತೀರಿ. ಆಕೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ. ಅವಳು ಏನು ಹೊದ್ದು ಮಲಗಬೇಕು?

ಆದರೆ ಇಲ್ಲಿ ಬಹಳ ಎಚ್ಚರ ಬೇಕು. ಈ ವಚನವನ್ನು ನಾವು ತಪ್ಪು ಜನರ ಮೇಲೆ ಹೊರಿಸಿದ್ದೇವೆ. ಗಂಡನಿಂದ ಏಟು ತಿಂದ ಹೆಣ್ಣುಮಗಳು ತವರಿಗೆ ಬಂದರೆ, ನಾಲ್ಕು ಜನ ಹಿರಿಯರು ಕೂತು ‘ಹೊತ್ತು ಮುಳುಗುವ ಮುಂಚೆ ಕ್ಷಮಿಸಬೇಕಮ್ಮಾ, ವಾಕ್ಯ ಹೇಳುತ್ತದೆ’ ಅಂತ ಅದೇ ಸಂಜೆ ವಾಪಸ್ ಕಳಿಸುತ್ತಾರೆ. ಇದು ವಾಕ್ಯವನ್ನು ತಿರುಚುವುದು. ಈ ಗಡುವುಗಳನ್ನೆಲ್ಲ ಇನ್ನೊಂದು ಸಲ ನೋಡಿ. ಯಾರಿಗೆ ಹಾಕಿದ್ದು? ಕೂಲಿ ಹಿಡಿದಿಟ್ಟುಕೊಂಡವನಿಗೆ, ಕೂಲಿಯಾಳಿಗಲ್ಲ. ಹೊದಿಕೆ ಇಸಿದುಕೊಂಡವನಿಗೆ, ಚಳಿಯಲ್ಲಿ ನಡುಗುವವನಿಗಲ್ಲ. ಕರ್ತನು ಮತ್ತಾಯ 5ನೇ ಅಧ್ಯಾಯ 23, 24ರಲ್ಲಿ ಹೇಳಿದ್ದೂ ಹಾಗೇ. ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ನೀನು ಹೋಗು. ನೋಯಿಸಿದವನು ಎದ್ದು ಹೋಗಬೇಕು. ಅವಸರ ಅವನಿಗೆ. ಏಟು ತಿಂದವಳಿಗೆ ಆ ರಾತ್ರಿ ಬೇಕಾದದ್ದು ಭದ್ರವಾದ ಒಂದು ಮನೆ, ಬಾಗಿಲಿಗೆ ಒಂದು ಚಿಲಕ, ಹೊದೆಯಲು ಒಂದು ಹೊದಿಕೆ. ಕ್ಷಮೆಯ ಮಾತು ದೇವರು ಅವಳ ಹೃದಯದಲ್ಲಿ ಆಡಲಿ, ಅವರಿಗೆ ತಿಳಿದ ಹೊತ್ತಿನಲ್ಲಿ. ನಾವು ಗಡಿಯಾರ ಹಿಡಿದು ನಿಲ್ಲುವುದು ಬೇಡ.

ಮನೆಯೊಳಗಿನ ಸಾಮಾನ್ಯ ಸಿಡುಕಿಗೆ ಮಾತ್ರ ಈ ವಚನ ಒಳ್ಳೆಯ ಔಷಧ. ನಾನೂ ನನ್ನ ಮನೆಯವರೂ ಎಷ್ಟೋ ವರ್ಷದಿಂದ ಒಂದು ರೂಢಿ ಇಟ್ಟುಕೊಂಡಿದ್ದೇವೆ. ಕುಟುಂಬ ಪ್ರಾರ್ಥನೆಗೆ ಕೂರುವ ಮುಂಚೆ, ಇವತ್ತು ನನ್ನ ಮಾತಿನಿಂದ ನಿನಗೆ ಏನಾದರೂ ನೋವಾಯಿತಾ ಅಂತ ಒಬ್ಬರನ್ನೊಬ್ಬರು ಕೇಳುತ್ತೇವೆ. ಮೊದಲ ವಾರ ಬಾಯಿ ಏಳಲಿಲ್ಲ. ಉತ್ತರ ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಕೆಲವು ದಿನ ಪ್ರಾರ್ಥನೆ ಅರ್ಧ ಗಂಟೆ ತಡವಾಗುತ್ತದೆ. ಆಗಲಿ.

ಇನ್ನೊಂದೇ ಒಂದು ಸಂಜೆ ಹೇಳಿ ಮುಗಿಸುತ್ತೇನೆ. ಧರ್ಮೋಪದೇಶಕಾಂಡ 21ರ ಕೊನೆಯಲ್ಲಿ, ಮರಕ್ಕೆ ತೂಗುಹಾಕಿದವನ ಶವ ರಾತ್ರಿಯಿಡೀ ಅಲ್ಲೇ ಇರಬಾರದು, ಅದೇ ದಿನ ಹೂಣಿಡಬೇಕು ಅಂತ ಇದೆ. ಮರಣದಂಡನೆಯಾದ ಅಪರಾಧಿಗೂ ದೇವರು ಒಂದು ರಾತ್ರಿಯ ಮರ್ಯಾದೆ ಉಳಿಸಿದರು. ಆ ನಿಯಮ ಕಡೆಗೆ ಯಾರ ಪಾಲಿಗೆ ಬಂತು? ಯೇಸುವನ್ನು ಶಿಲುಬೆಗೆ ಹಾಕಿದ ಗೊಲ್ಗೊಥದಲ್ಲಿ ಶುಕ್ರವಾರ ಸಂಜೆಯಾಗುತ್ತಾ ಬಂದಿತ್ತು. ಶಿಷ್ಯರು ಓಡಿಹೋಗಿದ್ದರು. ಆಗ ಅರಿಮಥಾಯದ ಯೋಸೇಫ ಧೈರ್ಯ ಮಾಡಿ ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋಗಿ ಯೇಸುವಿನ ದೇಹ ಕೇಳಿದ. ಅದುವರೆಗೆ ಯೆಹೂದ್ಯರಿಗೆ ಹೆದರಿ ಗುಟ್ಟಾಗಿ ನಂಬಿದ್ದವನು ಅಂತ ಯೋಹಾನ ಹೇಳುತ್ತಾನೆ. ಜೊತೆಗೆ ಬಂದವನು ನಿಕೊದೇಮ. ಅವನೂ ಮೊದಲು ರಾತ್ರಿ ಹೊತ್ತಲ್ಲಿ ಯಾರಿಗೂ ಕಾಣದ ಹಾಗೆ ಬಂದಿದ್ದವನೇ. ಹೆದರಿಕೆಯ ಆ ಇಬ್ಬರನ್ನು ಹಗಲು ಬೆಳಕಿನಲ್ಲಿ ಶಿಲುಬೆಯ ಹತ್ತಿರ ಎಳೆದು ತಂದದ್ದು ಏನು? ಹೊತ್ತು ಮುಳುಗುತ್ತಿತ್ತು, ನಾಳೆ ಅನ್ನುವ ಹಾಗಿರಲಿಲ್ಲ. ಮೊಳೆ ಕಿತ್ತು, ದೇಹ ಇಳಿಸಿ, ಸುಗಂಧದ್ರವ್ಯ ಹಾಕಿ, ನಾರುಬಟ್ಟೆ ಸುತ್ತಿ, ಹತ್ತಿರದ ತೋಟದ ಹೊಸ ಸಮಾಧಿಯಲ್ಲಿ ಮಲಗಿಸಿದರು. ಯೋಸೇಫ ಆ ಬಟ್ಟೆಯನ್ನು ಅವತ್ತೇ ಕೊಂಡು ತಂದದ್ದು ಅಂತ ಮಾರ್ಕ ಬರೆಯುತ್ತಾನೆ. ಬಟ್ಟೆಯನ್ನೂ ಚೀಟು ಹಾಕಿ ಹಂಚಿಕೊಂಡಿದ್ದರಲ್ಲ ಸೈನಿಕರು, ಆ ನಮ್ಮ ಕರ್ತನಿಗೆ ಆ ರಾತ್ರಿ ಹೊದಿಕೆ ಕೊಟ್ಟವರು ಹೆದರಿಕೆಯ ಆ ಇಬ್ಬರೇ.

ಗಂಟೆ ಆರು ಇಪ್ಪತ್ತಾಯಿತು. ಪಶ್ಚಿಮದ ಕಿಟಕಿಯಲ್ಲಿ ಇನ್ನೂ ಬೆಳಕಿದೆ. ಹೊರಗೆ ಚಹಾ ಬಂದಿದೆ. ತಂದ ಹುಡುಗ ಕೆಟಲ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾನೆ, ನಾನು ಇಲ್ಲಿಂದ ನೋಡುತ್ತಿದ್ದೇನೆ. ಹೋದ ವಾರದ್ದೂ ಸೇರಿಸಿ ಕೊಡಬೇಕು ಅಂತ ಖಜಾಂಚಿಗಳು ಮೊದಲೇ ಹೇಳಿದ್ದರು. ಮುಕ್ತಾಯದ ಪ್ರಾರ್ಥನೆ ಎರಡು ನಿಮಿಷ ತಡವಾಗಲಿ. ಅಣ್ಣಾ, ನೀವು ಹೋಗಿ ಕೊಟ್ಟು ಬನ್ನಿ. ನಾವು ಕಾಯುತ್ತೇವೆ.